ವಿಲಾಯತಿ ಪಾತ್ರೆಗೆ ಅಗ್ನಿಶುದ್ಧಿ

ಶಿರಸಿ ಪೇಟೆಯಲ್ಲಿ ಸಾಮಾನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ. ಜಂಬಕ್ಕೆ ಸಾಕ್ಷಿ ಇರುವುದಿಲ್ಲ, ಇದಕ್ಕೆ ಸಾಕ್ಷಿ ಇದೆ! ಮಾಮಲೇದಾರ ಕಚೇರಿಯ ಕಾರಕೂನ ನಾಗಪತಿ ಹೆಗಡೆ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅಂಗಡಿಕಾರರು ಒಳ್ಳೊಳ್ಳೆಯ ಮಾಲನ್ನೆಲ್ಲ ಲಗುಬಗೆಯಿಂದ ಒಳಗಿಡುತ್ತಾರೆ. ನನ್ನ ಕಣ್ಣಿಗೆ ಅವರಿಗೆ ಅಷ್ಟು ಹೆದರಿಕೆ! ನನ್ನ ಹೆಂಡತಿ ರಾಜೀವಿ ಮಾತ್ರ, "ಹೆದರಿಕೆ ನಿಂಗಳ ಕಣ್ಣಿಗಲ್ಲ, ಕೈಗೆ. ಮುಟ್ಟಿದ್ದೆಲ್ಲ ಒಡೀತು" ಎನ್ನುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಕತೆ ನಡೆದ ವರ್ಷ ರಾಜೀವಿಯ ತಂಗಿ ಗಂಗಾ ನಮ್ಮ ಮನೆಯಲ್ಲೇ ಇದ್ದಳು. ಮಾವನವರು ತೀರಿಕೊಂಡ ಮೇಲೆ ಅವಳ ಮದುವೆಯ ಹೊಣೆ ನನ್ನ ಹೆಗಲಿಗೆ ಬಂದಿತ್ತು. ಅವಳಿಗೆ ಹದಿನೆಂಟು ತುಂಬಿತ್ತು. ಮೂರು ಸಂಬಂಧಗಳು ಬಂದು, ಕಡುಬು ತಿಂದು, ಕೈ ತೊಳೆದುಕೊಂಡು ಹೋಗಿದ್ದವು. ರಾಜೀವಿಗೆ ಅದೇ ಕೊರಗು. ಅಷ್ಟರಲ್ಲಿ ನಾಲ್ಕನೆಯದು ಸೋಂದೆಯಿಂದ ಬಂತು. ಗಂಡು ಶಾಂತಾರಾಮ, ಯಲ್ಲಾಪುರದ ಶಾಲೆಯಲ್ಲಿ ಮಾಸ್ತರ. ಬರುವ ಭಾನುವಾರ ಅವನು ತನ್ನ ದೊಡ್ಡಪ್ಪ ಗಣಪ ಭಟ್ಟರ ಜೊತೆ ಹೆಣ್ಣು ನೋಡಲು ಬರುತ್ತಾನೆ ಎಂದು ಪತ್ರವೂ ಬಂತು.

ಗಣಪ ಭಟ್ಟರಿಗೆ ಈ ಲೋಕದಲ್ಲಿ ಎರಡೇ ಮೋಹ. ಒಂದು ಮಡಿ, ಇನ್ನೊಂದು ಕರಕಲಿ. ಕೆಸುವಿನ ಎಲೆಗೆ ಕೈತುಂಬ ಹುಳಿ, ಮೆಣಸು ಸುರಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಕುದಿಸಿದರೆ ಕರಕಲಿಯಾಗುತ್ತದೆ. ಕರಕಲಿ ಚೆನ್ನಾಗಿದ್ದರೆ ಭಟ್ಟರು ಜಾತಕವನ್ನೂ ಪೂರ್ತಿ ಬಿಡಿಸುವುದಿಲ್ಲವಂತೆ!

"ಹಿತ್ತಾಳೆ ತಪ್ಪಲೆ ಒಳಗಿನ ತವರದ ಕಲಾಯಿ ಪೂರಾ ಸವೆದೋಯ್ದು," ಎಂದಳು ರಾಜೀವಿ. "ಅದ್ರಲ್ಲಿ ಹುಳಿ ಕುದಿಸಿದ್ರೆ ಕಿಲುಬು ಬಿಡ್ತು. ಬಂದವ್ಕೆ ವಾಂತಿ ಆದ್ರೆ ಮದುವೆ ಮಾತು ಅಲ್ಲಿಗೇ ಮುಗೀತು. ಕಲಾಯಿಯ ಹಯಾತನ್ನ ಕರ್ಸಿ, ಹೊಸ ಕಲಾಯಿ ಹಾಕ್ಸಿಬಿಡಿ."

"ಕಲಾಯಿ! ಕಲಾಯಿ! ವರ್ಷಕ್ಕೆ ಮೂರು ಸಲ ಕಲಾಯಿ!" ನಾನು ಎದ್ದು ನಿಂತೆ. ದೊಡ್ಡ ಮಾತು ಆಡುವಾಗ ನಾನು ಕೂತಿರುವುದಿಲ್ಲ. "ಈ ಮನೆಯಲ್ಲಿ ಇನ್ನು ಕಲಾಯಿ ಎಂಬ ಶಬ್ದವೇ ಕೇಳಬಾರದು. ಒಳಗೆ ಎನಾಮಲ್ ಲೇಪ ಇರುವ ಬೀಡುಕಬ್ಬಿಣದ ಪಾತ್ರೆ ತರ್ತೆ. ವಿಲಾಯತಿ ಮಾಲು! ಮೊಮ್ಮಕ್ಕಳ ಕಾಲಕ್ಕೂ ಹಾಂಗೇ ಇರ್ತು!"

"ಮಡಕೇಲಾದ್ರೂ ಮಾಡ್ತೆ. ಹೊಸ ಮಡಕೆ ಇದ್ದು."

"ಹೆಣ್ಣು ನೋಡುವ ದಿನ ಮಡಕೆಯೇ? ನನ್ನ ಮಾನ ಏನಾಗಬೇಕು?"

"ಮಡಕೆ ಅಡುಗೆಮನೆಲಿ ಇರ್ತು, ನಿಂಗಳ ಮಾನ ಜಗಲಿಲಿ ಇರ್ತು. ಎರಡಕ್ಕೂ ಎಂತ ಸಂಬಂಧ?"

ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗಟ್ಟಿಯಾಗಿ ಅನ್ನುವಷ್ಟು ಧೈರ್ಯ ಆಗಲೂ ಇರಲಿಲ್ಲ.

ಬುಧವಾರ ಕಲಾಯಿಯ ಹಯಾತ್ ತಾನಾಗಿಯೇ ತಿದಿ ಹೊತ್ತು ನಮ್ಮ ಬಾಗಿಲಿಗೆ ಬಂದ. ಬಂದವನಿಗೆ ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕಾಲ ಬದಲಾಯಿತು, ನಿನ್ನ ಕಸುಬು ಮುಗಿಯಿತು, ಬೇರೆ ದಾರಿ ನೋಡಿಕೋ, ಬೇಕಾದರೆ ಅರ್ಜಿ ನಾನೇ ಬರೆದು ಕೊಡುತ್ತೇನೆ ಎಂದೆ. ಅವನು ಪೂರ್ತಿ ಕೇಳಿದ. "ಆಗ್ಲಿ ಹೆಗಡೇರೇ. ಹಾಗಾದ್ರೆ ಯಲ್ಲಾಪುರದ ಕಡೆ ಹೋಗಿ ಬರ್ತೀನಿ. ಬರೋದು ಸೋಮವಾರ. ಅಷ್ಟರೊಳಗೆ ನೆನಪಾದ್ರೆ ನಾ ಸಿಗೋದಿಲ್ಲ ನೋಡಿ" ಎಂದು ಹೊರಟ. ಎಷ್ಟು ಸೊಕ್ಕು!

ಅದೇ ಸಂಜೆ ಅಬ್ದುಲ್ ರಜಾಕ್ ಸಾಹೇಬರ ಅಂಗಡಿಗೆ ಹೋದೆ. ಮುಂಬಯಿಯಿಂದ ಹಡಗಿನಲ್ಲಿ ಕುಮಟೆಗೆ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಹತ್ತಿ ಬಂದ ಮಾಲು ಅವರಲ್ಲಿ ಸಿಗುತ್ತದೆ. ಸಾಹೇಬರು ಮೂರು ಪಾತ್ರೆ ತೆಗೆದಿಟ್ಟರು. ಇಂಗ್ಲಿಷಿನಲ್ಲಿ ಇದಕ್ಕೆ ಡಚ್ಚರ ಒಲೆ ಎಂದು ಹೆಸರಂತೆ. ಪಾತ್ರೆಗೆ ಒಲೆ ಎನ್ನುವ ಜನ ಒಲೆಗೆ ಏನೆನ್ನುತ್ತಾರೋ ದೇವರೇ ಬಲ್ಲ! ಮೊದಲನೆಯದರ ಬೆಲೆ ಒಂಬತ್ತು ರೂಪಾಯಿ. ಎರಡನೆಯದು ಏಳು. ನಾನು ಒಂದೊಂದನ್ನೂ ಬೆರಳಿನಿಂದ ಬಡಿದೆ, ಮೂಸಿದೆ, ಮುಚ್ಚಳ ತೆಗೆದು ಒಳಗೆ ತಲೆ ಹಾಕಿ "ಓಂ" ಎಂದು ಕೂಗಿ ಧ್ವನಿ ಪರೀಕ್ಷೆ ಮಾಡಿದೆ.

"ಹೆಗಡೇರೇ, ಇದರಲ್ಲಿ ಬೇಯಿಸೋದೋ, ಹಾಡೋದೋ?" ಎಂದರು ಸಾಹೇಬರು.

"ಮೂರನೆಯದಕ್ಕೆ ಎಷ್ಟು?"

"ಅದು ಬೇಡ. ಘಟ್ಟದಲ್ಲಿ ಮೋಟಾರಿನಿಂದ ಬಿದ್ದಿದೆ. ಒಳಗೆ ಎನಾಮಲ್ ಮೇಲೆ ಕೂದಲೆಳೆ ಹಾಗೆ ಬಿರುಕಿದೆ, ನೋಡಿ. ಮೂರೂವರೆಗೆ ಕೊಟ್ಟೇನು. ಆದರೆ ನಿಮಗೆ ಕೊಡೋಕೆ ಮನಸ್ಸಿಲ್ಲ."

ಮನಸ್ಸಿಲ್ಲವಂತೆ! ಕೊಡಲು ಮನಸ್ಸಿಲ್ಲದ ಮಾಲೇ ಒಳ್ಳೆಯ ಮಾಲು ಎಂಬುದು ವ್ಯಾಪಾರದ ಮೊದಲ ಪಾಠ. ಮೂರು ರೂಪಾಯಿಗೆ ಇಳಿಸಿ ತೆಗೆದುಕೊಂಡೇ ಬಿಟ್ಟೆ. ಸಾಹೇಬರು ಕಟ್ಟಿಕೊಡುತ್ತ, "ಖಾಲಿ ಪಾತ್ರೆ ಒಲೆ ಮೇಲೆ ಇಡಬೇಡಿ. ಕಾದದ್ದಕ್ಕೆ ತಣ್ಣೀರು ಹಾಕಬೇಡಿ. ಇವೆರಡು ನೆನಪಿಟ್ಟರೆ ನಾಲ್ಕು ದಿನ ಬಾಳುತ್ತೆ" ಎಂದರು. ನಾನು ನಕ್ಕೆ. ಸರಕಾರದ ಸುತ್ತೋಲೆಗಳನ್ನೇ ನೆನಪಿಡದವನು ಪಾತ್ರೆಯ ಸುತ್ತೋಲೆ ನೆನಪಿಡುತ್ತೇನೆಯೇ?

ಪಾತ್ರೆಯ ತೂಕದ ವಿಷಯ ಸಾಹೇಬರು ಹೇಳಿರಲಿಲ್ಲ. ಅದನ್ನು ಹೊತ್ತು ತಂದ ಹಮಾಲ ಬೈರ ಜಗಲಿಯ ಮೇಲೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ, "ಇದ್ರೊಳಗೆ ಯಾರಿದಾರೆ ಒಡೆಯಾ?" ಎಂದು ಕೇಳಿದ.

ರಾಜೀವಿ ಮುಚ್ಚಳ ತೆಗೆದಳು. ಒಳಗಿನ ಬಿಳುಪನ್ನು ನೋಡಿ ಕೈ ಹಿಂದಕ್ಕೆ ತೆಗೆದಳು.

"ಇದು ಪಿಂಗಾಣಿ! ಪಿಂಗಾಣಿ ಮಡಿಗೆ ಬತ್ತಿಲ್ಲೆ. ಗಣಪ ಭಟ್ರು ಊಟಕ್ಕೆ ಕೂತ್ಕಂಬ ಮೊದ್ಲೇ 'ಎಂತ ಪಾತ್ರೆಲಿ ಮಾಡಿದ್ದು' ಹೇಳಿ ಕೇಳ್ತ. ಎಂತ ಹೇಳದು?"

ಈ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆದರೆ ಕಾರಕೂನನಾದವನು ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳುವುದುಂಟೇ? "ಅದಕ್ಕೆಲ್ಲ ಶಾಸ್ತ್ರದಲ್ಲಿ ದಾರಿ ಇದ್ದು. ಅಗ್ನಿಶುದ್ಧಿ! ಬೆಂಕಿಗೆ ಬಿದ್ದದ್ದು ಯಾವುದೂ ಮೈಲಿಗೆ ಅಲ್ಲ. ಸೀತಮ್ಮಂಗೇ ಆದ ಮೇಲೆ ಮೂರು ರೂಪಾಯಿಯ ಪಾತ್ರೆಗೆ ಆಗದೇ?"

"ಸೀತಮ್ಮನ ಪರೀಕ್ಷೆ ಮಾಡಿ ರಾಮಂಗೆ ಎಂತ ಸುಖ ಆತು?" ಎಂದು ಅವಳು ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಅರ್ಧ ದಿನ ರಜೆ ಹಾಕಿದೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಕರಟ ಒಟ್ಟಿ, ಬೆಂಕಿ ಹಾಕಿ, ಖಾಲಿ ಪಾತ್ರೆಯನ್ನು ಅದರ ಮೇಲೆ ಸ್ಥಾಪನೆ ಮಾಡಿದೆ. ನನಗೆ ಪುಣ್ಯಾಹದ ಮಂತ್ರ ಅರ್ಧ ಬರುತ್ತದೆ. ಆ ಅರ್ಧವನ್ನೇ ಎರಡು ಸಲ ಹೇಳಿದೆ, ಲೆಕ್ಕ ಸರಿಯಾಯಿತು! ಪಾತ್ರೆ ಕಾದು ಕಾದು ಬುಡ ಕೆಂಪಾಯಿತು. ಗಂಗಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಭಾವ, ಸಾಹೇಬ್ರು ಕಾದದ್ದಕ್ಕೆ ತಣ್ಣೀರು ಹಾಕಲಾಗ ಹೇಳಿದ್ವಡ. ಬೈರ ಹೇಳ್ತಿದ್ದ."

"ಅದು ತಣ್ಣೀರಿಗೆ ಹೇಳಿದ ಮಾತು. ಇದು ತೀರ್ಥ!" ಎಂದು ತಾಮ್ರದ ಚೊಂಬಿನಲ್ಲಿದ್ದ ಬಾವಿಯ ನೀರಿಗೆ ಮಾವಿನೆಲೆ ಅದ್ದಿ, ಗಂಭೀರವಾಗಿ ಪ್ರೋಕ್ಷಣೆ ಮಾಡಿದೆ.

ಫಟ್! ಫಟ್! ಫಟಾರ್! ನಾಗರಪಂಚಮಿಯ ಅರಳು ಹೀಗೆ ಸಿಡಿದದ್ದು ನಾನು ಕಂಡಿಲ್ಲ. ಒಂದು ಚೂರು ಕಿವಿಯ ಪಕ್ಕದಲ್ಲಿ ಹಾರಿತು, ಇನ್ನೊಂದು ನೇರವಾಗಿ ಕಚ್ಚೆಯೊಳಗೆ ಇಳಿಯಿತು. ಮಂತ್ರದ ಉಳಿದರ್ಧ ಅಲ್ಲಿಯವರೆಗೆ ನನಗೆ ಬರುತ್ತಿರಲಿಲ್ಲ. ಆಗ ಬಾಯಿಂದ ಬಂದದ್ದು ಯಾವ ವೇದದ್ದು ಎಂದು ಇವತ್ತಿಗೂ ಗೊತ್ತಿಲ್ಲ. ಬೆಂಕಿಯ ಸುತ್ತ ನಾನು ಕುಣಿದ ಕುಣಿತ ನೋಡಿ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಕೈಮುಗಿದರು, ಮೈಮೇಲೆ ದೇವರು ಬಂದಿದೆ ಎಂದುಕೊಂಡು!

ಪಾತ್ರೆ ಆರಿದ ಮೇಲೆ ಮೂವರೂ ಒಳಗೆ ಇಣುಕಿದೆವು. ಎನಾಮಲ್ ಮುಕ್ಕಾಲು ಪಾಲು ಹೋಗಿತ್ತು. ಉಳಿದದ್ದು ತೊನ್ನಿನ ಹಾಗೆ ಅಲ್ಲಲ್ಲಿ ಅಂಟಿಕೊಂಡಿತ್ತು.

"ಶುದ್ಧ ಆತಾ?" ಎಂದಳು ರಾಜೀವಿ.

"ಆಗದೇ ಏನು! ಮೈಲಿಗೆ ಇದ್ದ ಭಾಗ ತಾನಾಗಿ ಉದುರಿತು. ಈಗ ಉಳಿದದ್ದು ಅಪ್ಪಟ ಕಬ್ಬಿಣ. ಕಬ್ಬಿಣ ರಕ್ತಕ್ಕೆ ಒಳ್ಳೇದು ಹೇಳಿ ಡಾಕ್ಟರು ಹೇಳಿದ್ದ. ಭಟ್ಟರು ಕೇಳಿದರೆ ಕಬ್ಬಿಣದ ಪಾತ್ರೆ ಹೇಳು. ಸುಳ್ಳೂ ಅಲ್ಲ!"

ಅವಳು ಹಯಾತನನ್ನು ಕರೆಸಿ ಎಂದಳು. ಅವನು ಯಲ್ಲಾಪುರದಲ್ಲಿದ್ದ. ಮಡಕೆಯಲ್ಲಿ ಮಾಡುತ್ತೇನೆ ಎಂದಳು. ನಾನು ಯಜಮಾನನ ಧ್ವನಿಯಲ್ಲಿ ಇಲ್ಲವೆಂದೆ. ವರ್ಷಕ್ಕೊಮ್ಮೆ ನನಗೆ ಆ ಧ್ವನಿ ಬರುತ್ತದೆ, ಬಂದಾಗಲೆಲ್ಲ ಕೆಟ್ಟ ಗಳಿಗೆಯಲ್ಲೇ ಬರುತ್ತದೆ.

ಭಾನುವಾರ ಬೆಳಗಿನ ಜಾವದಿಂದ ಕರಕಲಿ ಕುದಿಯಿತು. ಹತ್ತು ಗಂಟೆಯ ಸರ್ವಿಸ್ ಮೋಟಾರಿನಲ್ಲಿ ಬೀಗರಾಗಬೇಕಾದವರು ಬಂದಿಳಿದರು. ಕಾಲಿಗೆ ನೀರು ಕೊಟ್ಟು, ಆಸರಿಗೆಗೆ ಗಂಗಾಳ ಕೈಯಲ್ಲೇ ಬೆಲ್ಲದ ಪಾನಕ ಕೊಡಿಸಿ ಕೂರಿಸಿದೆವು. ಗಣಪ ಭಟ್ಟರು ಆಗಲೇ ಮೂಗು ಮೇಲೆತ್ತಿ ಅಡುಗೆಮನೆಯ ಕಡೆಯ ಗಾಳಿಯನ್ನು ಪರಿಶೀಲಿಸುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಬಳೆಯ ಸದ್ದಾಯಿತು. ಹೋದೆ.

ರಾಜೀವಿ ಮುಚ್ಚಳ ತೆಗೆದಳು. ಹಸಿರಾಗಿರಬೇಕಾದ ಕರಕಲಿ ಕಪ್ಪಗೆ ಹೊಳೆಯುತ್ತಿತ್ತು. ಹುಳಿ ಐದು ಗಂಟೆ ಕಬ್ಬಿಣವನ್ನು ತಿಂದಿತ್ತು. ಲೇಖನಿ ಅದ್ದಿದ್ದರೆ ಒಂದು ವರ್ಷದ ಕಚೇರಿ ಕೆಲಸ ಮುಗಿಯುತ್ತಿತ್ತು! ಸೌಟಿನಿಂದ ಕಲಕಿದಳು, ಎರಡು ಬಿಳಿ ಚೂರು ಹಲ್ಲಿನಂತೆ ಮೇಲೆ ತೇಲಿ ಬಂದವು.

"ಇದ್ನ ಬಡಿಸಲಾ?" ಎಂದಳು. ಕಣ್ಣಲ್ಲಿ ನೀರಿತ್ತು. ನನ್ನಿಂದಾಗಿ ಹುಡುಗಿಯ ಸಂಬಂಧ ತಪ್ಪಿಹೋಗುತ್ತದಲ್ಲ ಎಂದು ಆಗ ಮೊದಲ ಸಲ ಹೆದರಿದೆ.

ನಾನು ಹೆದರುತ್ತ ನಿಂತಿದ್ದೆ, ಅವಳು ನಿಲ್ಲಲಿಲ್ಲ. ಕರಕಲಿಯನ್ನು ಹಿತ್ತಲಿಗೆ ಚೆಲ್ಲಿ, ಒಂದೆಲಗ ಕಿತ್ತು ತಂಬುಳಿ ಮಾಡಿ, ಮಾವಿನ ಮಿಡಿ ತೆಗೆದು, ಹಪ್ಪಳ ಕರಿದು, ಬೇಗ ಬೇಗ ಎಲೆ ಹಾಕಿಯೇಬಿಟ್ಟಳು. ಭಟ್ಟರು ಎಲೆಯ ಸುತ್ತ ಎರಡು ಸಲ ಕಣ್ಣಾಡಿಸಿದರು.

"ಕರಕಲಿ ಕಾಣ್ತಿಲ್ಲೆ?"

ರಾಜೀವಿ ಬಾಗಿಲ ಮರೆಯಿಂದ, "ಅದು ಬೀಗ್ರಿಗೆ ಮಾತ್ರ ಬಡಿಸೋದು. ನಿಂಗ ಇನ್ನೂ ಬರೀ ನೆಂಟ್ರು. ಮಾತು ಮುಗಿಸಿ, ಬೇಕಾದಷ್ಟು ಬಡಿಸ್ತೆ" ಎಂದಳು.

ಭಟ್ಟರು ಗೊಳ್ಳನೆ ನಕ್ಕರು. ತಂಬುಳಿಯನ್ನು ನಾಲ್ಕು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು, "ಹೆಗಡೇರೇ, ನಮ್ಮದು ಒಪ್ಪಿಗೆ. ಆದ್ರೂ ಈಗಿನ ಕಾಲ ನೋಡಿ, ಕೂಸಿನ ಹತ್ರಾನೂ ಒಂದು ಮಾತು ಕೇಳಿ" ಎಂದರು. ಎಷ್ಟು ದೊಡ್ಡ ಮನಸ್ಸು! ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದ ಗಂಗಾ ಆಗಲೇ ಅಕ್ಕನಿಗೆ "ಅಡ್ಡಿಲ್ಲೆ" ಎಂದಾಗಿತ್ತು. ತಾಂಬೂಲ ಕೊಡುವುದೊಂದೇ ಬಾಕಿ.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ! ಮುಚ್ಚಲಿಲ್ಲ. ಹುಡುಗನನ್ನು ಮಾತಿಗೆಳೆದೆ. ಬಿಡಾರಕ್ಕೆ ಏನೇನು ಸಾಮಾನು ಮಾಡಿಕೊಂಡಿದ್ದೀರಿ ಎಂದೆ. ಅವನಿಗೂ ಬಾಯಿ ಬಂತು.

"ಗೋಡೆ ಗಡಿಯಾರ ತಂದಿದ್ದೇನೆ. ಹುಬ್ಬಳ್ಳಿಯಲ್ಲಿ ಹನ್ನೆರಡು ರೂಪಾಯಿ ಬೆಲೆ, ನಾನು ಐದಕ್ಕೆ ಹೊಡೆದೆ! ನಿಮಿಷದ ಮುಳ್ಳಿಲ್ಲ, ಅಷ್ಟೇ. ಗಂಟೆ ಗೊತ್ತಾದರೆ ಸಾಲದೇ? ನಿಮಿಷ ಯಾರಿಗೆ ಬೇಕು?"

ಆಹಾ! ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಈ ಭೂಮಿಯ ಮೇಲೆ ನಾನೊಬ್ಬನೇ ಎಂದುಕೊಂಡಿದ್ದೆ! ಎದ್ದು ಅವನ ಬೆನ್ನು ತಟ್ಟಿ, ಇಡೀ ಮನೆಗೆ ಕೇಳುವಂತೆ ಕೂಗಿದೆ. "ರಾಜೀವೀ! ಗಂಡು ಥೇಟ್ ಎನ್ನ ಹಾಂಗೇ ಇದ್ದ ನೋಡೇ!"

ಒಳಗೆ ತಾಂಬೂಲದ ತಟ್ಟೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು. ಅಡುಗೆಮನೆಯಲ್ಲಿ ಗಂಗಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

"ಭಾವ, ಎಂಗೆ ಈ ಸಂಬಂಧ ಬ್ಯಾಡ."

"ಈಗ ಅಡ್ಡಿಲ್ಲೆ ಅಂದಿದ್ದೆಯಲ್ಲೇ!"

"ಆವಾಗ ಮಾಸ್ತರು ನಿಂಗಳ ಹಾಂಗೆ ಹೇಳಿ ಗೊತ್ತಿತ್ತಿಲ್ಲೆ."

ನನಗೆ ನೆಲ ಬಾಯಿಬಿಟ್ಟ ಹಾಗಾಯಿತು. ರಾಜೀವಿಯ ಕಡೆ ತಿರುಗಿದೆ. "ನೀನಾದರೂ ಬುದ್ಧಿ ಹೇಳೇ! ಹದಿನಾಲ್ಕು ವರ್ಷ ನೀನು ನನ್ನ ಜೊತೆ ಸಂಸಾರ ಮಾಡಲಿಲ್ಲವೇ?"

ರಾಜೀವಿ ಆ ಕಪ್ಪು ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ಮಾಡಿದ್ದು ಹೌದು. ಎನ್ನ ಯಾರು ಕೇಳಿದ್ರು?"