ಅಳುವಿನ ಶುದ್ಧ ಮಾದರಿ

"ಪುಡಿಹಾಲಿನ ಡಬ್ಬ ಈ ಮನೆಯ ಹೊಸಿಲು ದಾಟಿದರೆ ನನ್ನ ಎಂ.ಎಸ್ಸಿ. ಸರ್ಟಿಫಿಕೇಟನ್ನು ಒಲೆಗೆ ಹಾಕಿ!"

ಹೆರಿಗೆ ರಜೆ ಮುಗಿಯುವ ಮುನ್ನಾದಿನ, ಕಾಟಿಪಳ್ಳದ ಮನೆಯ ಊಟದ ಮೇಜಿನ ಮುಂದೆ ನಿಂತು ಅಕ್ಷಿತಾ ಮಾಡಿದ ಪ್ರತಿಜ್ಞೆ ಇದು. ಸಭಿಕರು ಮೂವರು: ಗಂಡ ಗೌರವ್, ಅತ್ತೆ ಉಮಾವತಿ, ಮತ್ತು ಯಾರ ಸಲುವಾಗಿ ಈ ಪ್ರತಿಜ್ಞೆಯೋ ಆ ಪುಟ್ಟ ಮನ್ವಿತಾ. ಮನ್ವಿತಾ ಆಕಳಿಸಿದಳು.

"ನಮ್ಮದು ಗ್ಯಾಸ್ ಒಲೆ ಮಾರಾಯ್ತಿ," ಎಂದ ಗೌರವ್. "ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದಿ. ಮನೆ ಇಡೀ ವಾಸನೆ ಬಂದೀತು."

ಅಕ್ಷಿತಾಳ ಧೈರ್ಯಕ್ಕೆ ಆಧಾರವಿತ್ತು. ನಗರದ ಒಂದು ಆಹಾರ ಪರೀಕ್ಷಾಲಯದಲ್ಲಿ ಅವಳು ರಸಾಯನಶಾಸ್ತ್ರಜ್ಞೆ. ಊರಿನ ಹಾಲೆಲ್ಲ ಅವಳ ಗಾಜಿನ ನಳಿಗೆಯಲ್ಲಿ ನಿಂತು ತನ್ನ ಗುಣಾವಗುಣ ಒಪ್ಪಿಸಬೇಕು! ನೀರು ಬೆರೆಸಿದವರು ಅವಳ ಸಹಿ ಕಂಡರೆ ನಡುಗಬೇಕು! ಅಂಥವಳಿಗೆ ಸ್ವಂತ ಹಾಲಿನ ವ್ಯವಹಾರ ಯಾವ ಲೆಕ್ಕ? ಸಿದ್ಧಾಂತ ಸರಳವಾಗಿತ್ತು: ಎಷ್ಟು ಹಾಲು ತೆಗೆದರೆ ದೇಹ ಅಷ್ಟನ್ನು ಮತ್ತೆ ಮಾಡುತ್ತದೆ. ಆದ್ದರಿಂದ ಆಫೀಸಿನಲ್ಲಿ ಹೊತ್ತುಹೊತ್ತಿಗೆ ಎದೆಹಾಲಿನ ಪಂಪ್ ಹಿಡಿದು ಕೂರಬೇಕು, ಬಾಟಲಿ ತುಂಬಿಸಿ ಐಸ್ ಚೀಲದಲ್ಲಿ ಮನೆಗೆ ತರಬೇಕು, ಮರುದಿನ ಅತ್ತೆ ಅದನ್ನು ಬೆಚ್ಚಗೆ ಮಾಡಿ ಕುಡಿಸಬೇಕು. ಇಷ್ಟೇ!

ಉಮಾವತಿಗೆ ಸಿದ್ಧಾಂತದ ಮೇಲೆ ಭರವಸೆ ಇರಲಿಲ್ಲ. ಹೆತ್ತವಳಿಗೆ ಹಾಲು ಹೆಚ್ಚಲೆಂದು ಉಳ್ಳಾಲದಿಂದ ತಾಟೆ ಮೀನು ತರಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಸಾರು ಮಾಡಿ ಬಡಿಸುತ್ತಲೇ ಇದ್ದರು. "ಪಂಪ್ ಅದರಷ್ಟಕ್ಕೆ ಇರ್ಲಿ ಮಗಾ. ನೀನು ಇನ್ನೊಂದು ತುಂಡು ಹಾಕಿಸ್ಕೋ."

ಕೆಲವು ದಿನ ಎಲ್ಲವೂ ಸರಿಯಿತ್ತು. ಆಮೇಲೆ ಬಾಟಲಿಯ ಹಾಲು ದಿನದಿಂದ ದಿನಕ್ಕೆ ತಗ್ಗಿತು. ಪರೀಕ್ಷಾಲಯದ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಳಗಿಂದ ಚಿಲಕ ಹಾಕಿ ಕೂತ ಅಕ್ಷಿತಾಳ ಎದುರಿಗೆ, ಗೋಡೆಯ ಮೇಲೆ ಬೆಂಕಿ ನಂದಿಸುವ ವಿಧಾನದ ಚಿತ್ರಪಟ. ಪಂಪ್ ಗೊರಗೊರ ಎನ್ನುತ್ತಿತ್ತು. ಅವಳ ದೇಹವೋ, ರಬ್ಬರಿಗೂ ಮಗುವಿನ ಬಾಯಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡ ತಾನಲ್ಲ ಎಂದು ಮುಷ್ಕರ ಹೂಡಿತ್ತು. ಅವಳು ಬ್ಯಾಗಿನಿಂದ ಮನ್ವಿತಾಳ ಟೊಪ್ಪಿ ತೆಗೆದು ಮೂಗಿಗೆ ಹಿಡಿಯುತ್ತಿದ್ದಳು. ಎಣ್ಣೆ, ಬೆವರು, ಹುಳಿಹಾಲು. ಈ ಮಿಶ್ರಣದ ಮುಂದೆ ಯಾವ ಪರಿಮಳ ದ್ರವ್ಯವೂ ನಿಲ್ಲದು ಎಂದು ಅವಳು ಬೇಕಾದರೆ ಪ್ರಮಾಣಪತ್ರ ಕೊಟ್ಟಾಳು. ಹಾಲು ಮಾತ್ರ ಇಳಿಯುತ್ತಿರಲಿಲ್ಲ. ಇದು ಹೀಗೇ ಹೋದರೆ ಡಬ್ಬ ಹೊಸಿಲು ದಾಟುವುದು ಖಂಡಿತ. ಆಮೇಲೆ ಮಗುವಿಗೆ ತಾನು ಬೇಕಾಗುವುದಾದರೂ ಯಾಕೆ?

ಪರಿಹಾರ ಸಿಕ್ಕಿದ್ದು ಆಫೀಸಿನ ದಾರಿಯಲ್ಲಿ, ನಂತೂರಿನಲ್ಲಿ. ಲಾರಿಗಳ ನಡುವೆ ಬಸ್ಸು ಸಿಕ್ಕಿಬಿದ್ದಿತ್ತು. ಪಕ್ಕದ ಬಸ್ಸಿನಲ್ಲಿ ಯಾರದೋ ಮಗು ಅತ್ತಿತು. ನೋಡುತ್ತಿದ್ದಂತೆ ಅಕ್ಷಿತಾಳ ಕುರ್ತಾದ ಎದೆಭಾಗ ಒದ್ದೆ! ಶಾಲು ಎಳೆದುಕೊಳ್ಳುತ್ತಾ ಅವಳು ನಾಚಲಿಲ್ಲ, ಹಿಗ್ಗಿದಳು. ಅಳು ಕೇಳಿದರೆ ಹಾಲು ಇಳಿಯುತ್ತದೆ. ಅಂದರೆ ಬೇಕಾದದ್ದು ಅಳು!

ಆ ಭಾನುವಾರ ಅವಳು ಫೋನ್ ಹಿಡಿದು ಮಗಳ ಹಿಂದೆ ಬಿದ್ದಳು. ಸ್ನಾನದ ಅಳು, ನಿದ್ದೆಯ ಅಳು, ಅಂಗಿ ತೊಡಿಸುವಾಗಿನ ಪ್ರತಿಭಟನೆ, ಎಲ್ಲವನ್ನೂ ಸಂಗ್ರಹಿಸಿದಳು. ಸಂಜೆಗೆ ಒಂದು ಭವ್ಯವಾದ ಅಳು ದೊರೆಯಿತು. ಅದಕ್ಕೆ 'ಹಸಿವು, ಶುದ್ಧ ಮಾದರಿ' ಎಂದು ಹೆಸರಿಟ್ಟು, ಪಂಪಿನ ವೇಳೆಗೆ ಹೊಡೆದುಕೊಳ್ಳುವಂತೆ ಅಲಾರಾಂ ಮಾಡಿದಳು. ಫಲಿತಾಂಶ ಅಮೋಘ! ಬಾಟಲಿಯಲ್ಲಿ ಹಾಲು ಮತ್ತೆ ಮೇಲೇರಿತು. ಅಳು ಶುರುವಾಗಿ ಹಾಲು ಇಳಿದದ್ದೇ ಅವಳು ಫೋನ್ ಆರಿಸಿಬಿಡುತ್ತಿದ್ದಳು. ಕೊನೆಯ ತನಕ ಕೇಳುವ ಶಕ್ತಿ ಅವಳಿಗಿರಲಿಲ್ಲ.

ಲೆಕ್ಕ ತಪ್ಪಿದ್ದು ಆಡಿಟ್ ದಿನ. ಅಕ್ಷಿತಾ ಪಂಪ್ ಜೋಡಿಸಿಡುತ್ತಿದ್ದಾಗಲೇ ಮೇಲಿನ ಮಹಡಿಯಿಂದ ತುರ್ತು ಕರೆ ಬಂತು. ಬ್ಯಾಗನ್ನೂ ಫೋನನ್ನೂ ಅಲ್ಲೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಕೋಟಿನ ಜೇಬಿಗಿಳಿಸಿ ಅವಳು ಓಡಿದಳು. ಸ್ವಲ್ಪ ಹೊತ್ತಿಗೆ ಬೀಗ ಹಾಕಿದ ಕೋಣೆಯಲ್ಲಿ ಮಗು ಅಳತೊಡಗಿತು.

ಮೊದಲು ಕೇಳಿದವನು ಕಾವಲುಗಾರ ನಿಝಾರ್. ಬಾಗಿಲು ಬಡಿದ. ಅಳು ನಿಲ್ಲಲಿಲ್ಲ. ಪರೀಕ್ಷಾಲಯದ ಮುಖ್ಯಸ್ಥೆ ಬೆನಿಟಾ ಬಂದರು.

"ಅಕ್ಷಿತಾಳ ಮಗು ಇರ್ಬೇಕು. ಪಾಪದ್ದನ್ನು ಬೀಗ ಹಾಕಿ ಎಲ್ಲಿ ಹೋದ್ಳು ಇವಳು?"

ಅಷ್ಟರಲ್ಲಿ ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು: "ಅಳು ಬಂಗಾರ್, ಅಳು! ಇನ್ನೂ ಜೋರು! ಹಾಂ, ಹಾಗೆ!"

ನಿಝಾರ್ ಎರಡು ಹೆಜ್ಜೆ ಹಿಂದೆ ಸರಿದ. "ಮೇಡಮ್, ಒಳಗೆ ಯಾರೋ ಇದ್ದಾರೆ! ಮಗುವಿಗೆ ಎಂತದೋ ಮಾಡ್ತಾ ಇದ್ದಾರೆ! ಪೊಲೀಸರಿಗೆ ಫೋನ್ ಮಾಡುದಾ?"

ಮೇಲೆ ಅಕ್ಷಿತಾ ಆಡಿಟರಿಗೆ ಹಾಲಿನ ಕೊಬ್ಬಿನಂಶವನ್ನು ವಿವರಿಸುತ್ತಿದ್ದಳು. ಮೆಟ್ಟಿಲು ಹತ್ತಿ ಅಳು ಬಂತು. ಅದು ಫೋನಿನ ಅಳು, ತಾನೇ ಹಿಡಿದದ್ದು, ತಾನೇ ಹೆಸರಿಟ್ಟದ್ದು ಎಂದು ಅವಳ ತಲೆಗೆ ಚೆನ್ನಾಗಿ ಗೊತ್ತಿತ್ತು. ತಲೆಯಿಂದ ಕೆಳಗಿನ ಯಾವುದಕ್ಕೂ ಗೊತ್ತಿರಲಿಲ್ಲ.

"ನನ್ನ ಮಗು!" ಎಂದು ಕಿರುಚಿ ಅವಳು ಮೆಟ್ಟಿಲಿಳಿದು ಓಡಿದಳು. ಹಿಂದೆ ಆಡಿಟರು, ಕೈಯಲ್ಲಿ ಪೆನ್ನು.

ಬಾಗಿಲು ತೆರೆಯಿತು. ಒಳಗೆ ಮಂಚ, ಪಂಪ್, ಬ್ಯಾಗ್. ಬ್ಯಾಗಿನೊಳಗೆ ಫೋನ್ ಮೊದಲಿನಿಂದ ಮತ್ತೆ ಅಳಲು ಶುರು ಮಾಡಿತ್ತು. ಅಕ್ಷಿತಾ ಅದನ್ನು ಆರಿಸಿದಳು. ಅವಳ ಬಿಳಿ ಕೋಟಿನ ಮುಂಭಾಗ ಪೂರ್ತಿ ಒದ್ದೆಯಾಗಿತ್ತು.

"ಅಳು ಅಂತ ಹೇಳ್ತಿದ್ದದ್ದು ಯಾರು?" ಬೆನಿಟಾ ಕೇಳಿದರು.

"ನಾನೇ ಮೇಡಮ್. ರೆಕಾರ್ಡ್ ಮಾಡುವಾಗ..."

ಬೆನಿಟಾ ಅವಳ ಕೋಟನ್ನೂ ಮುಖವನ್ನೂ ನೋಡಿದರು. "ನನ್ನ ಮಗಳು ಟಾನ್ಯಾ ಸಣ್ಣ ಇರುವಾಗ ನಾನು ಅವಳ ಒಂದು ಸಾಕ್ಸ್ ಬ್ಯಾಗಲ್ಲಿ ಇಟ್ಕೊಂಡು ಬರ್ತಿದ್ದೆ," ಎಂದರು ಮೆಲ್ಲಗೆ. "ಬಾಗಿಲು ಹಾಕಿ ಕೂತ್ಕೋ ಹೋಗು. ಆಡಿಟರ್ ಕಾಯ್ತಾರೆ. ಅಲ್ವಾ ಸರ್?"

ಆಡಿಟರು ಪೆನ್ನು ಜೇಬಿಗಿಟ್ಟು ತಲೆಯಾಡಿಸಿದರು. ಆ ದಿನ ಬಾಟಲಿ ಕುತ್ತಿಗೆಯ ತನಕ ತುಂಬಿತು.

ಸಂಜೆ ಕಥೆ ಕೇಳಿ ಗೌರವ್ ಹೊಟ್ಟೆ ಹಿಡಿದು ನಕ್ಕ. "ಒಮ್ಮೆ ಹಾಕು, ನಾವೂ ಕೇಳ್ತೇವೆ!"

ಅಕ್ಷಿತಾ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮೊದಲ ಬಾರಿಗೆ ಅದನ್ನು ಕೊನೆಯ ತನಕ ಕೇಳಿಸಿದಳು. ಉಮಾವತಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು.

"ಇದು ಹಸಿವಿನ ಅಳು ಅಂತ ಯಾರು ಹೇಳಿದ್ದು ನಿನಗೆ?"

"ಮತ್ತೆಂತ ಮಾಮಿ?"

"ಆಗಷ್ಟೇ ಕುಡಿದಾಗಿತ್ತು ಅದಕ್ಕೆ. ನೀನು ಫೋನ್ ಹಿಡಿದು ನಿಂತದ್ದು, ಎತ್ತಿಕೊಳ್ಳಲಿಲ್ಲ. ಎತ್ತಿಕೋ ಅಂತ ಅತ್ತದ್ದು ಅದು."

ಶುದ್ಧ ಮಾದರಿಯ ಒಡತಿ ಅದನ್ನು ಮತ್ತೊಮ್ಮೆ ಹಾಕಿ ಕೇಳಿದಳು. ಮಡಿಲಲ್ಲಿದ್ದ ಮನ್ವಿತಾ ಮಾತ್ರ "ಅಳು ಬಂಗಾರ್" ಎಂಬ ದನಿ ಬಂದದ್ದೇ ಕಿವಿ ನಿಮಿರಿಸಿ, ನಿಜವಾದ ಅಮ್ಮನಿಗೆ ಬೆನ್ನು ಹಾಕಿ, ಎರಡೂ ಕೈ ಚಾಚಿ ಫೋನಿನ ಮೇಲೆ ಬಿದ್ದಳು.

"ನಾನು ಇಲ್ಲಿದ್ದೇನೆ, ಇಲ್ಲಿ!" ಎಂದಳು ಅಕ್ಷಿತಾ.

"ಆ ಕೊನೆಯ ತುಂಡನ್ನು ನನ್ನ ಫೋನಿಗೂ ಹಾಕು ಮಗಾ," ಎಂದರು ಉಮಾವತಿ. "ಹಗಲು ಬಾಗಿಲ ಕಡೆಯೇ ನೋಡ್ತದೆ ಇದು. ಬಾಟಲಿ ಕೊಟ್ಟರೆ ಮುಖ ತಿರುಗಿಸ್ತದೆ. ನಿನ್ನ ಸ್ವರ ಕೇಳಿದ್ರೆ ಕುಡಿದೀತು."

ಮರುದಿನ ಮಧ್ಯಾಹ್ನ, ಬೆಂಕಿ ನಂದಿಸುವ ಚಿತ್ರಪಟದ ಎದುರು ಪಂಪ್ ಹಿಡಿದು ಕೂತ ಅಕ್ಷಿತಾ ಮನೆಯ ಲ್ಯಾಂಡ್ ಲೈನಿಗೆ ಫೋನ್ ಮಾಡಿದಳು. ಅತ್ತ ಕಡೆ ಅವಳದೇ ದನಿ "ಇನ್ನೂ ಜೋರು!" ಎಂದು ಆಜ್ಞೆ ಮಾಡುತ್ತಿದ್ದದ್ದು ಕೇಳಿಸಿತು. ಅದರ ಮೇಲೆ ಮಗುವಿನ ಕಿಲಕಿಲ.

"ಎಂತ ಮಾಮಿ, ಕುಡೀತಾ ಉಂಟಾ?"

"ಪೂರಾ ಖಾಲಿ! ಬಾಟಲಿ ಬಿಡುದೇ ಇಲ್ಲ. ನೀನು ಅಳು ಅಳು ಅಂತ ಎಷ್ಟು ಬೊಬ್ಬೆ ಹೊಡೆದ್ರೂ ಇದು ನಗಾಡ್ತದೆ. ಇವತ್ತು ಅಳ್ಳೇ ಇಲ್ಲ."

ಗೆದ್ದದ್ದಾಯಿತು. ಡಬ್ಬ ಹೊಸಿಲು ದಾಟಲಿಲ್ಲ, ಸರ್ಟಿಫಿಕೇಟ್ ಒಲೆ ಸೇರಲಿಲ್ಲ. ಅಕ್ಷಿತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಒಂದು ಚೂರೂ ಅಳ್ಳಿಲ್ವಾ ಮಾಮಿ?"