ಲಾರಿ ಚಾಲಕರಿಗೆ ಮಾವ ಕಲಿಸಿದ ಕುಣಿತ

ನಮ್ಮ ಸೋದರಮಾವನನ್ನು ದಯವಿಟ್ಟು ಮನೆಗೆ ಕರೆಯಬೇಡಿ! ಚಹಾ ಕುಡಿದು ಸುಮ್ಮನೆ ಎದ್ದು ಹೋಗುವ ಪೈಕಿಯಲ್ಲ. ಹೊಸಪೇಟೆಯಲ್ಲಿ ಡ್ಯಾನ್ಸ್ ಮಾಸ್ತರ್ ಎಂದೇ ಹೆಸರಾದವನು. ಕುಕ್ಕರ್ ಸೀಟಿ ಹೊಡೆದರೂ ಅವನ ಭುಜ ಕುಣಿಯುತ್ತದೆ. ಒಮ್ಮೆ ನಮ್ಮಮ್ಮ ರೊಟ್ಟಿ ಬಡಿಯುವಾಗ ಹಿಂದೆ ಬಂದು ನಿಂತು, "ಅಕ್ಕಾ, ತಾಳ ತಪ್ಪಾಕತ್ತೈತಿ! ಜೋರ ಬಡಿ" ಎಂದ. ಅಮ್ಮ ಜೋರಾಗಿಯೇ ಬಡಿದಳು. ರೊಟ್ಟಿಗಲ್ಲ, ಅವನ ಬೆನ್ನಿಗೆ!

ಕುಣಿಯಬಲ್ಲವರಿಗೆ ಕಲಿಸುವುದೆಂದರೆ ಅವನಿಗೆ ಬೇಸರ. ಕೈ ಎತ್ತಿದರೆ ಕಾಲು ಮರೆಯುವವರು, ಹಾಡು ಶುರುವಾದರೆ ಬೆವರುವವರು, ಇಂಥವರೇ ಬೇಕು. ಕಂಪ್ಲಿಯ ರೈಸ್ ಮಿಲ್ ಮಾಲೀಕರೊಬ್ಬರು ಮಗಳ ಮದುವೆಯಲ್ಲಿ ಕುಣಿಯುವ ಆಸೆಯಿಂದ ಅವನನ್ನು ಕರೆಸಿದ್ದರು. ಹಾಡು ಕೇಳಿದ್ದೇ ತಡ, "ನಾಚಿಕಿ ಆಗ್ತದ್ರಿ" ಎಂದು ಗೋಡೆಗೆ ಅಂಟಿ ನಿಂತರು.

"ಗ್ವಾಡಿ ಬೀಳಂಗಿಲ್ರಿ ಸಾಹುಕಾರ್ರ, ನೀವು ಹಿಡ್ಕೊಳ್ಳೋದು ಬ್ಯಾಡ" ಎಂದ ಮಾವ. ಅವರು ನಕ್ಕರು. ನಗುವ ಭರದಲ್ಲೇ ಮೊದಲ ಹೆಜ್ಜೆ ಹಾಕಿಬಿಟ್ಟರು!

ಹೋದ ವರ್ಷ ಯಶವಂತನಗರದ ಗಣಿ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ ಲಾರಿ ಚಾಲಕರನ್ನು ಕುಣಿಸುವ ಕೆಲಸ ಬಂತು. ಫೋನಿನಲ್ಲಿ ಹಾಡು ಹಾಕಲು ಒಬ್ಬ ಬೇಕೆಂದು ನನ್ನನ್ನೂ ಎಳೆದುಕೊಂಡು ಹೋದ. ಲಾರಿ ನಿಲ್ಲಿಸುವ ಶೆಡ್ಡಿನಲ್ಲೇ ತಾಲೀಮು. ಕೆಂಪು ಧೂಳು ಮೆತ್ತಿದ ಗಟ್ಟಿ ಆಳುಗಳೆಲ್ಲ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯರಂತೆ ತಲೆ ತಗ್ಗಿಸಿ ನಿಂತಿದ್ದರು. ಎಲ್ಲರಿಗಿಂತ ಹೆಚ್ಚು ಹೆದರಿದವನು ಪೊದೆಮೀಸೆಯ ಹನುಮಂತಪ್ಪ.

"ಮಾಸ್ತರ್ರ, ಘಾಟಿನಾಗ ಬ್ರೇಕ್ ಹೋದಾಗ್ಲೂ ನಾ ಹೆದರಿಲ್ರಿ. ಇದೊಂದು ಬ್ಯಾಡ್ರಿ."

"ಭಾಳ ಚಲೋ ಆತು. ಹಂಗಾರ ಸ್ಟೇರಿಂಗ್ ಹಿಡೀರಿ!" ಎಂದ ಮಾವ, ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿ ತೋರಿಸುತ್ತ.

ಎಡಕ್ಕೆ, ಬಲಕ್ಕೆ ಎಂದರೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದವರು, "ಕ್ಲೀನರ್ ಕಡಿ, ಡ್ರೈವರ್ ಕಡಿ" ಎಂದೊಡನೆ ಸರಿಯಾಗಿ ತಿರುಗತೊಡಗಿದರು! "ರಿವರ್ಸ್!" ಎಂದರೆ ಇಬ್ಬರು ಬಾಯಲ್ಲೇ ಹಾರ್ನ್ ಹೊಡೆಯುತ್ತ ಹಿಂದೆ ಸರಿದರು. ಮಾವನಿಗೋ ನಿಂತಲ್ಲಿ ನಿಲ್ಲಲಾಗದು. ಒಬ್ಬನ ಮೊಣಕೈ ಎತ್ತುತ್ತ, ಇನ್ನೊಬ್ಬನ ಹೊಟ್ಟೆ ಒಳಗೆ ತಳ್ಳುತ್ತ, "ಜಲ್ದಿ, ಜಲ್ದಿ!" ಎಂದು ಸಾಲಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಕೂತು ನೋಡುವ ನನಗೇ ಏದುಸಿರು!

ಕಾರ್ಯಕ್ರಮದ ಸಂಜೆ ಎಡವಟ್ಟಾಯಿತು. ಹನುಮಂತಪ್ಪನ ಪಕ್ಕದಲ್ಲಿ ಕುಣಿಯಬೇಕಿದ್ದವನ ಹೆಂಡತಿಗೆ ಹೆರಿಗೆ ನೋವು ಶುರುವಾಗಿ, ಅವನು ಸಂಡೂರಿಗೆ ಓಡಿದ. ಸಾಲಿನ ನಡುವೆ ಜಾಗ ಖಾಲಿ.

"ಮಾಸ್ತರ್ರ ಬರ್ಲಿ ಬಿಡ್ರಿ, ಅವ್ರಿಗೆ ಎಲ್ಲಾ ಗೊತ್ತೈತಿ" ಎಂದರು ಚಾಲಕರು.

ಮಾವ ಬಿಳಿಚಿಕೊಂಡ. ಬೂಟು ಸರಿಯಿಲ್ಲ ಎಂದ. ಮಂಡಿ ನೋವು ಎಂದ. ಇಷ್ಟು ವರ್ಷ ಅವನ ಹಿಂದೆ ತಿರುಗಿದ ನನಗೆ ಆಗಲೇ ಹೊಳೆದದ್ದು: ವೇದಿಕೆಯ ಮೇಲೆ ಅವನನ್ನು ನಾನು ಒಮ್ಮೆಯೂ ನೋಡಿರಲಿಲ್ಲ! ಯಾಕೆಂದು ಕೇಳಿದರೆ ನೆಲ ನೋಡುತ್ತ ಹೇಳಿದ:

"ಸಣ್ಣಾವಿದ್ದಾಗ ಒಮ್ಮೆ ಹತ್ತಿದ್ನಿ ಲೇ. ಮಂದಿ ನೋಡಿ ಕೈಕಾಲು ಆಡ್ಲೇ ಇಲ್ಲ. ಕಂಬದಂಗ ನಿಂತು ಇಳಿದು ಬಂದೆ. ಅವತ್ತಿಂದ ಹತ್ತಿಲ್ಲ."

ಅಷ್ಟರಲ್ಲಿ ನಮ್ಮ ತಂಡವನ್ನು ಕೂಗಿದರು. ಹಿಂದೆಯೇ ನಿಂತು ಇದೆಲ್ಲ ಕೇಳಿಸಿಕೊಂಡಿದ್ದ ಹನುಮಂತಪ್ಪ, ಬೆವರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮಾವನ ಕೈ ಹಿಡಿದ.

"ಬರ್ರಿ ಮಾಸ್ತರ್ರ. ನನಗೂ ಹೆದರಿಕಿ ಐತಿ. ಇಬ್ರೂ ಕೂಡೇ ಹೆದರೋಣು."

ಹಾಡು ಶುರುವಾಯಿತು. ತಾನೇ ಕಲಿಸಿದ ಹೆಜ್ಜೆಯನ್ನು ಮಾವ ತಪ್ಪಿದ, ಮತ್ತೂ ತಪ್ಪಿದ, ಕೊನೆಗೆ ಹನುಮಂತಪ್ಪನನ್ನು ನೋಡಿಕೊಂಡು ಹೇಗೋ ಹಿಡಿದುಕೊಂಡ. ಮಂದಿಗೆ ಅದೊಂದೂ ಗೊತ್ತಾಗಲಿಲ್ಲ, ಸಿಳ್ಳೆಯೋ ಸಿಳ್ಳೆ! ಕುಣಿತ ಮುಗಿದು ಎಲ್ಲರೂ ಕೈಮುಗಿದು ಇಳಿದರು. ಮಾವ ಮಾತ್ರ ಇಳಿಯಲಿಲ್ಲ. ಬೆಳಕಿನಲ್ಲಿ ಒಬ್ಬನೇ ನಿಂತು, ಚಪ್ಪಾಳೆ ತಟ್ಟುವ ಜನರನ್ನು ಒದ್ದೆ ಕಣ್ಣಿನಿಂದ ನೋಡುತ್ತಿದ್ದ.

ಮುಂದಿನ ತಂಡದವರು ಗೊಣಗುತ್ತ ಮೇಲೆ ಬರಲು ನೋಡಿದರು. ಹನುಮಂತಪ್ಪ ಮೆಟ್ಟಿಲಿಗೆ ಅಡ್ಡ ನಿಂತು ಮೆಲ್ಲಗೆ ಹೇಳಿದ: "ತಡೀರಿ. ನಮ್ಮ ಮಾಸ್ತರ್ರು ಇನ್ನೊಂದೀಟು ನಿಂತ್ಕೊಳ್ಳಲಿ."