ಥಿಯೇಟರಿಗೆ ಹೋಗುವ ಉಗುರು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. (ಎರಡೂ ಹಕ್ಕಿಗಳು ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಬಹುದು.) ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಹತ್ತನೇ ತರಗತಿಗೆ ಸ್ಕೂಲು ಬಿಟ್ಟವಳು ನಾನು. ಪಾಠ ತಲೆಗೆ ಹತ್ತುತ್ತಿರಲಿಲ್ಲ ಎಂದಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಸಾಕು, ನಾಲಿಗೆ ಹೋಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಉಗುರಿನ ಬಣ್ಣ ಬಿಡಿಸುವ ದ್ರಾವಣ ಇದೆ, ನಾಲಿಗೆ ಬಿಡಿಸುವುದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಸದ್ಯಕ್ಕೆ ನಾನು ನನ್ನ ಅತ್ತೆಯ, ಅಂದರೆ ಅಪ್ಪನ ಅಕ್ಕನ ಬ್ಯೂಟಿ ಪಾರ್ಲರಿನಲ್ಲಿ ಇದ್ದೇನೆ. 'ಕೆಲಸ ಮಾಡುತ್ತಿದ್ದೇನೆ' ಎಂದು ಬರೆದು ಹೊಡೆದುಹಾಕಿದೆ. ನೆಲದ ಕೂದಲು ಗುಡಿಸುವುದು, ಟವೆಲು ಮಡಿಸುವುದು, ಕನ್ನಡಿಯ ಮೇಲಿನ ಬೆರಳಚ್ಚು ಒರೆಸುವುದು, ಇವನ್ನೆಲ್ಲ ಅತ್ತೆ ಕೆಲಸ ಎಂದು ಒಪ್ಪುವುದಿಲ್ಲ. 'ಕೈಕಾಲು ಆಡಿಸೋದು' ಅನ್ನುತ್ತಾರೆ. ಅವರ ಪ್ರಕಾರ ಕೆಲಸ ಎಂದರೆ ಕುರ್ಚಿ. ಉಗುರಿನ ಮೇಜಿನ ಹಿಂದೆ ಒಂದು ಕುರ್ಚಿ ಇದೆ. ಕಾಲಿಗೆ ಗಾಲಿ, ಬೆನ್ನಿಗೆ ಮೆತ್ತೆ, ಪಕ್ಕದಲ್ಲಿ ಏರಿಸಿ ಇಳಿಸಲು ಒಂದು ಹಿಡಿ. ಅಂಗಡಿಯಲ್ಲಿ ಯಾರೂ ಇಲ್ಲದಾಗ ನಾನು ಅದರಲ್ಲಿ ಕೂತು ಸಿಂಹಾಸನಾರೂಢಳಾಗಿ ಒಂದು ಸುತ್ತು ತಿರುಗುತ್ತಿದ್ದೆ.

ಒಂದು ದಿನ ಹಾಗೆ ತಿರುಗುತ್ತಿರುವಾಗಲೇ ಅತ್ತೆ ಬಂದರು.

"ಕುರ್ಚಿ ಬೇಕೇನೇ ಮೌನಗೌರಿ?"

ನಾನು ತಲೆಯಾಡಿಸಿದೆ.

"ತಲೆ ಆಡಿಸಬೇಡ, ಬಾಯಿ ಆಡಿಸು. ನೋಡು, ಒಬ್ಬ ಗಿರಾಕೀನ ಮೊದಲಿಂದ ಕೊನೇವರೆಗೂ ನೀನೇ ನೋಡ್ಕೋ. ಉಗುರಿಗೆ ಯಾವ ಜೆಲ್ ಬಣ್ಣ ಬೇಕು ಅಂತ ನೀನೇ ಮಾತಾಡಿ ಆರಿಸು. ನಾನು ಮಧ್ಯೆ ಬಾಯಿ ಹಾಕಲ್ಲ. ಅವರು ನಗ್ತಾ ಎದ್ದುಹೋದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ನಿಮ್ಮಪ್ಪ ಆಗಲೇ ಟ್ಯುಟೋರಿಯಲ್ಲಿನವರ ಹತ್ರ ಮಾತಾಡಿಟ್ಟಿದಾನೆ."

ಆ ಟ್ಯುಟೋರಿಯಲ್ಲಿನ ಮೇಷ್ಟ್ರು ಪ್ರತಿಯೊಬ್ಬರನ್ನೂ ಎಬ್ಬಿಸಿ ಪ್ರಶ್ನೆ ಕೇಳುವುದರಲ್ಲಿ ಪ್ರಖ್ಯಾತರು.

ಉಗುರಿನ ಕಸುಬಿನಲ್ಲಿ ನನ್ನ ಕೈ ನಡುಗುವುದಿಲ್ಲ, ನಡುಗುವುದು ಬಾಯಿ ಮಾತ್ರ. ಯಾವ ಜೆಲ್ ಯಾರಿಗೆ ಎಂದು ಬಾಯಿ ಬಿಡಬೇಕಾದರೆ ಒಂದೊಂದರ ಗುಣವೂ ಗೊತ್ತಿರಬೇಕು ಎಂದು ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಬೆರಳು ಕೊಡಲು ಯಾರೂ ಒಪ್ಪದೆ ಇದ್ದಾಗ ಅಡುಗೆಮನೆಯ ಚಮಚಗಳ ಬೆನ್ನಿಗೆ ಬಣ್ಣ ಹಚ್ಚಿದೆ. ಮಾಮೂಲಿ ಜೆಲ್ಲನ್ನು ದ್ರಾವಣದಲ್ಲಿ ನೆನೆಸಿದರೆ ಪಾಪ, ಕರಗಿ ಬರುತ್ತದೆ. ಹಾರ್ಡ್ ಜೆಲ್ ಹಾಗಲ್ಲ, ಅದು ಮೊಂಡು. ನೆನೆಸಿದರೆ ಸ್ನಾನ ಮಾಡಿ ಬಂದ ಹಾಗೆ ಇನ್ನೂ ಹೊಳೆಯುತ್ತದೆ. ಅರದಿಂದ ಉಜ್ಜಿಯೇ ತೆಗೆಯಬೇಕು. ಅದಕ್ಕೇ ಅಪ್ಪ ಈಗಲೂ ಗುಲಾಬಿ ಬಣ್ಣದ ಚಮಚದಲ್ಲಿ ಸಕ್ಕರೆ ಕದಡುತ್ತಾರೆ. ಬಿಲ್ಡರ್ ಜೆಲ್ ಎಂದು ಇನ್ನೊಂದಿದೆ, ಮುರಿದ ಉಗುರನ್ನು ಕಟ್ಟಿ ನಿಲ್ಲಿಸುವಂಥದ್ದು. ("ಬಿಲ್ಡರು ಅಂತೀಯ, ಹೇಳಿದ ದಿನಕ್ಕೆ ಮುಗಿಸ್ತಾನಾ?" ಎಂದು ಅಪ್ಪ ಕೇಳಿದರು.) ಪೀಲ್ ಆಫ್ ಅನ್ನುವುದು ಒಂದು ಸಂಜೆಯ ಶೋಕಿಗೆ, ಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಿಸಾಕಬಹುದು. ಇವೆಲ್ಲಕ್ಕಿಂತ ನನ್ನ ಪ್ರಾಣ ಇದ್ದದ್ದು ಕ್ಯಾಟ್ ಐ ಮೇಲೆ. ಅದರ ಬಣ್ಣದೊಳಗೆ ಸಣ್ಣ ಲೋಹದ ಪುಡಿ ಇರುತ್ತದೆ. ಹಸಿ ಇರುವಾಗ ಮೇಲೆ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಓಡಿಬಂದು ಒಂದು ಗೆರೆಯಾಗಿ ನಿಂತು, ಉಗುರಿನೊಳಗಿಂದ ಬೆಕ್ಕು ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತದೆ.

ಕೊನೆಗೂ ನನ್ನ ಗಿರಾಕಿ ಬಂದರು. ನಡುವಯಸ್ಸಿನವರು, ಮೂಗಿನ ಮೇಲೆ ದುಂಡು ಕನ್ನಡಕ, ಹೆಗಲ ಮೇಲೆ ಶಾಲು, ಮುಖದ ತುಂಬ ನಗು. ಅತ್ತೆ ನನ್ನ ಕಡೆ ಕಣ್ಣು ಮಿಟುಕಿಸಿ, ಒಳಕೋಣೆಯಲ್ಲಿ ಇನ್ನೊಬ್ಬರ ತಲೆಗೆ ಬಣ್ಣ ಹಚ್ಚಲು ಹೋದರು. ನಾನು ಕುರ್ಚಿಯಲ್ಲಿ ಕೂತೆ. ಈ ಸಲ ತಿರುಗಲಿಲ್ಲ.

"ಸಂಜೆ ನಮ್ಮವರೊಬ್ಬರು ರಿಟೈರ್ ಆಗ್ತಿದಾರೆ, ಪಾರ್ಟಿ ಇದೆ," ಅಂದರು ಅವರು. "ಆದ್ರೆ ಬೆಳಗ್ಗೆ ಥಿಯೇಟರ್ ಇದೆ ಕಣಮ್ಮ. ಅದನ್ನ ನೋಡ್ಕೊಂಡು ಹಾಕು."

ನಟಿ! ನನ್ನ ಮೊದಲ ಗಿರಾಕಿಯೇ ರಂಗಭೂಮಿಯ ತಾರೆ! ಅಂಗುಳಕ್ಕೆ ಅಂಟಿದ್ದ ನಾಲಿಗೆ ತಾನಾಗಿ ಬಿಡಿಸಿಕೊಂಡಿತು.

"ದೊಡ್ಡದಾ ಮೇಡಂ, ನಾಳೆದು?"

"ಅಯ್ಯೋ, ನಾಳೆದು ದೊಡ್ಡದೇ. ನಾಲ್ಕೈದು ಗಂಟೆ ಹಿಡಿಯುತ್ತೆ."

"ಅಷ್ಟು ಹೊತ್ತು ಮುಂದೆ ಇರೋರಿಗೆ ಬೇಜಾರಾಗಲ್ವಾ?"

"ಅವರಿಗೇನು ಬೇಜಾರು? ಮಲಗಿರ್ತಾರಲ್ಲ!" ಎಂದು ಅವರು ಜೋರಾಗಿ ನಕ್ಕರು. "ಮಧ್ಯೆ ಎಚ್ಚರ ಆದ್ರೇನೇ ನಮಗೆ ಕಷ್ಟ."

ತಮ್ಮ ನಾಟಕದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಕಲಾವಿದೆಯನ್ನು ನಾನು ಕಂಡಿರಲಿಲ್ಲ. (ಯಾವ ಕಲಾವಿದೆಯನ್ನೂ ಕಂಡಿರಲಿಲ್ಲ, ಅದು ಬೇರೆ ಮಾತು.)

"ಮುಖಕ್ಕೆ ತುಂಬ ಬಣ್ಣ ಹಚ್ತಾರಾ ಮೇಡಂ?"

"ಮುಖ ಎಲ್ಲಿ ಕಾಣುತ್ತೆ? ಪೂರ್ತಿ ಮುಚ್ಚಿರುತ್ತೆ. ನಮ್ಮ ದೊಡ್ಡವರಿಗೆ ಕಣ್ಣೆಲ್ಲ ಕೈ ಮೇಲೇನೇ. ಒಳಗೆ ಹೋಗೋಕೆ ಮುಂಚೆ ಒಬ್ಬೊಬ್ಬರ ಉಗುರೂ ನೋಡ್ತಾರೆ. ಚೂರು ಹೆಚ್ಚುಕಮ್ಮಿ ಆದ್ರೆ ಎಲ್ಲರ ಎದುರಿಗೇ ಕೂಗಾಡ್ತಾರೆ."

ಮುಖವಾಡದ ನಾಟಕ, ಕೈಗಳದೇ ಅಭಿನಯ, ಉಗುರು ಪರೀಕ್ಷಿಸುವ ನಿರ್ದೇಶಕರು! ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಬೆಂಕಿಯಂಥ ಕೆಂಪು ಕ್ಯಾಟ್ ಐ. ನಾಲ್ಕೈದು ಗಂಟೆ ಕೈ ಆಡಿಸುವವರಿಗೆ ಅಷ್ಟು ಸಾಲದು ಎಂದು ಕೆಳಗೊಂದು ಪದರ ಹಾರ್ಡ್ ಜೆಲ್, ಮೇಲೊಂದು ಪದರ ಹಾರ್ಡ್ ಜೆಲ್. ಬೆಕ್ಕು ಹೊರಗೆ ಹಾರದ ಹಾಗೆ ಭದ್ರ ಬಂದೋಬಸ್ತು.

ಕೆಂಪು ಬಣ್ಣ ನೋಡಿ ಅವರು ಸ್ವಲ್ಪ ಹಿಂಜರಿದರು. "ತುಂಬ ಜೋರಾಗಿದೆಯಲ್ವಾ? ನಾಳೆ ಥಿಯೇಟರಿಗೆ ಹೋಗುತ್ತೆ ತಾನೆ?"

"ಹೋಗುತ್ತೆ ಮೇಡಂ, ಬಹಳ ಚೆನ್ನಾಗಿ ಹೋಗುತ್ತೆ!" ಅಂದೆ. (ಈ ಚಪ್ಪಲಿ ಆ ಬಟ್ಟೆಗೆ ಹೋಗುತ್ತದೆ ಅನ್ನುವುದಿಲ್ಲವೇ, ಹಾಗೆ.)

"ಹಾಗಾದ್ರೆ ಹಾಕು ತಾಯಿ."

ಹಾಕಿದೆ. ಒಂದೊಂದು ಬೆರಳನ್ನೂ ದೀಪದ ಪೆಟ್ಟಿಗೆಯೊಳಗಿಟ್ಟು ಗಟ್ಟಿ ಮಾಡಿದೆ. ಅಯಸ್ಕಾಂತ ಹಿಡಿದಾಗ ಉಸಿರೂ ಬಿಡಲಿಲ್ಲ. ಮುಗಿದ ಮೇಲೆ ಅವರ ಹತ್ತು ಬೆರಳೂ ಬೆಕ್ಕಿನ ಸಂಸಾರದ ಹಾಗೆ ಮಿಣಮಿಣ ನೋಡುತ್ತಿದ್ದವು. ಅವರು ಕೈ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ನಕ್ಕರು. ನಾನು ಕುರ್ಚಿಯ ಮೆತ್ತೆಗೆ ಬೆನ್ನು ಒರಗಿಸಿದೆ.

"ಏನು ಚೆಂದ! ತೆಗೆಯೋಕೇ ಮನಸ್ಸು ಬರ್ತಿಲ್ಲ. ಆಮೇಲೆ ಇದನ್ನ ಯಾವುದ್ರಲ್ಲಿ ಒರೆಸೋದು? ನಮ್ಮ ವಾರ್ಡಲ್ಲಿ ಸ್ಪಿರಿಟ್ ಇದೆ, ಸಾಕಾ?"

"ನಾಟಕಕ್ಕೆ ವಾರ್ಡ್ ಯಾಕೆ ಮೇಡಂ?"

"ಯಾವ ನಾಟಕ?"

"ನಾಳೆ... ಥಿಯೇಟರ್..."

"ಆಪರೇಷನ್ ಥಿಯೇಟರ್ ಕಣೇ! ನಾನು ನರ್ಸು! ಅಲ್ಲಿ ಉಗುರಿಗೆ ನೀರಿನಂಥ ಬಣ್ಣ ಇದ್ರೂ ಒಳಗೆ ಬಿಡಲ್ಲ! ಅಷ್ಟರಲ್ಲಿ ಅಳಿಸಿ ಹೋಗುತ್ತಾ ಅಂತ ಕೇಳಿದ್ದಕ್ಕೆ ಹೋಗುತ್ತೆ ಅಂದ್ಯಲ್ಲ?"

ಹೋಗುತ್ತೆ ಅಂದಿದ್ದೆ ನಿಜ. ಈಗ ಹೋದದ್ದು ನನ್ನ ಜೀವ. ಮಲಗಿರುವ ಪ್ರೇಕ್ಷಕರು ಯಾರು, ಅವರಿಗೆ ಮಧ್ಯೆ ಎಚ್ಚರವಾದರೆ ಏಕೆ ಕಷ್ಟ ಎನ್ನುವುದೆಲ್ಲ ಒಟ್ಟಿಗೆ ಹೊಳೆದು ನನಗೇ ಯಾರಾದರೂ ಅರಿವಳಿಕೆ ಕೊಡಬಾರದೇ ಎನಿಸಿತು.

ಕೂಗು ಕೇಳಿ ಅತ್ತೆ ಬಣ್ಣದ ಬ್ರಷ್ಷಿನ ಸಮೇತ ಓಡಿಬಂದರು.

"ಕೆಳಗೆ ಏನೇ ಹಚ್ಚಿದೀಯ?"

"ಹಾರ್ಡು."

"ಮೇಲೆ?"

"ಹಾರ್ಡು."

"ಮಧ್ಯೆ?"

"ಬೆಕ್ಕು."

ಅತ್ತೆ ಹಣೆ ಚಚ್ಚಿಕೊಂಡರು. ಕೈಯಲ್ಲಿ ಬ್ರಷ್ಷಿತ್ತು ಎನ್ನುವುದು ಮರೆತುಹೋಗಿತ್ತು. ಹಣೆಗೆ ಕಪ್ಪು ಬಣ್ಣ ಮೆತ್ತಿತು. "ಇಷ್ಟು ದಿನ ಬಾಯಿ ಬಿಡು ಅಂದ್ರೆ ಬಿಡಲಿಲ್ಲ. ಇವತ್ತು ಬಿಟ್ಟೆ ನೋಡು, ಸರಿಯಾಗಿ ಬಿಟ್ಟೆ!"

ಉಜ್ಜಲು ಸಮಯವಿರಲಿಲ್ಲ. ಪಾರ್ಟಿ ಶುರುವಾಗುವುದರಲ್ಲಿತ್ತು. ಅತ್ತೆ ಅರವನ್ನು ನನ್ನ ಚೀಲಕ್ಕೆ ತುರುಕಿ ನರ್ಸಮ್ಮನ ಕಡೆ ತಿರುಗಿದರು. "ಇವಳನ್ನ ಜೊತೇಲಿ ಕರ್ಕೊಂಡು ಹೋಗಿ. ಫೋಟೊ ಮುಗಿದ ತಕ್ಷಣ ಅಲ್ಲೇ ಕೂತು ಉಜ್ಜಲಿ."

"ಅತ್ತೆ, ಉಜ್ಜೋ ಮಷೀನು ಕೊಡಿ, ಬೇಗ ಆಗುತ್ತೆ."

"ನಿನ್ನ ಕೈಗೆ ಮಷೀನಾ? ಕೈಯಲ್ಲೇ ಫೈಲ್ ಮಾಡು. ಚೂರು ಉಳಿದ್ರೂ ನೀನು ಫೇಲು!"

ಪಾರ್ಟಿಯ ಹಾಲ್ ತುಂಬ ಆಸ್ಪತ್ರೆಯವರು. ನಾನು ನರ್ಸಮ್ಮನ ನೆರಳಿನ ಹಾಗೆ ಅಂಟಿಕೊಂಡಿದ್ದೆ. ಫೋಟೊ ತೆಗೆಯುವಾಗ ಅವರು ಕೈಗಳನ್ನು ಶಾಲಿನೊಳಗೆ ಅಡಗಿಸಿದರು. ಆಮೇಲೆ ಆ ದೊಡ್ಡವರು, ಅಂದರೆ ದೊಡ್ಡ ಡಾಕ್ಟರು, ಭಾಷಣ ಮಾಡಿ ನೇರ ನಮ್ಮ ಕಡೆಗೇ ನಡೆದುಬಂದರು. ನರ್ಸಮ್ಮ ಗಾಬರಿಯಲ್ಲಿ ಎರಡೂ ಕೈಗಳನ್ನು ನನ್ನ ಚೀಲದೊಳಗೆ ಇಳಿಸಿಬಿಟ್ಟರು.

"ಏನು ಸಿಸ್ಟರ್, ನನ್ನ ಭಾಷಣಕ್ಕೆ ಚಪ್ಪಾಳೆ ಇಲ್ವಾ?"

"ಕನ್ನಡಕ ಹುಡುಕ್ತಿದೀನಿ ಡಾಕ್ಟ್ರೇ."

"ಮೂಗಿನ ಮೇಲೇ ಇದೆಯಲ್ರೀ!"

"ಇವಳದು ಡಾಕ್ಟ್ರೇ, ಇವಳದು. ಪಾಪ, ಏನೂ ಕಾಣಲ್ಲ ಹುಡುಗಿಗೆ."

ನಾನು ಕೂಡಲೇ ಪಕ್ಕದ ಕಂಬವನ್ನು ತಡವಿದೆ. ಡಾಕ್ಟರು ನನ್ನ ತಲೆ ಸವರಿ, ಕಣ್ಣಿನ ವಿಭಾಗಕ್ಕೆ ಬಂದು ತೋರಿಸು ಎಂದು ಹೇಳಿ ಹೋದರು.

ಉಡುಗೊರೆ ಪೆಟ್ಟಿಗೆಗಳಿದ್ದ ಪಕ್ಕದ ಕೋಣೆ ಸೇರಿ ಉಜ್ಜಲು ಕೂತೆ. ಹಾರ್ಡ್ ಜೆಲ್ ಬಂಡೆ. ಕೆಳಗಿನ ಉಗುರು ಎಳೆಯದು. ಬಂಡೆ ಹೋಗಬೇಕು, ಉಗುರು ಉಳಿಯಬೇಕು. ಒಂದು ಉಜ್ಜು, ಒಂದು ಊದು. ಕೆಂಪು ಧೂಳು ಎದ್ದು ನನ್ನ ಹುಬ್ಬಿನವರೆಗೂ ಕೂತಿತು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ತಲೆ ಇಣುಕಿತು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಥಿಯೇಟರಿನ ಸಿಸ್ಟರುಗಳ ಇಡೀ ದಂಡೇ ಒಳಗೆ ಬಂತು.

"ಅಯ್ಯೋ, ಇಷ್ಟು ಚೆಂದದ್ದನ್ನ ಯಾಕೆ ಉಜ್ತೀಯೇ?"

"ನಂಗೂ ಇದೇ ಬೇಕು!"

"ಬೇಕು ಅಂತೀಯ, ನಾಳೆ ದೊಡ್ಡವರ ಮುಂದೆ ಕೈ ಚಾಚ್ತೀಯೇನು?"

ಎಲ್ಲರೂ ನಿಟ್ಟುಸಿರು ಬಿಟ್ಟರು. ನನ್ನ ನಾಲಿಗೆಗೆ ಮತ್ತೆ ಏನಾಯಿತೋ ಕಾಣೆ. "ಕೈ ತಾನೇ ಚಾಚೋದು? ಕಾಲಿಗೆ ಹಾಕಿಸ್ಕೊಳ್ಳಿ. ಬೂಟಿನೊಳಗೆ ಬೆಕ್ಕಿದೆ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದುಬಿಟ್ಟೆ.

ಮರುಕ್ಷಣ ಒಬ್ಬೊಬ್ಬರೂ ಚಪ್ಪಲಿ ಕಳಚಿ ನನ್ನ ಮೂಗಿನ ಮುಂದೆ ಪಾದ ಇಟ್ಟರು. ಹಾರ್ಡ್ ಯಾರಿಗೆ, ಪೀಲ್ ಆಫ್ ಯಾರಿಗೆ ಎಂದು ನಾನು ಅಲ್ಲೇ ವಿಚಾರಣೆ ನಡೆಸಿದೆ. "ನಾನು ಬ್ಯಾಂಕಲ್ಲಿರೋದು," ಎಂದರು ಅವರ ಜೊತೆ ಬಂದಿದ್ದ ಒಬ್ಬರು. ನಾನು ಒಮ್ಮೆ ಏಟು ತಿಂದವಳು. "ಯಾವ ಬ್ಯಾಂಕು ಮೇಡಂ? ದುಡ್ಡಿಂದಾ, ರಕ್ತದ್ದಾ?" ಎಂದು ಕೇಳಿಯೇ ಮುಂದುವರಿದೆ. (ರಕ್ತದ್ದು.)

ಮರುದಿನ ನರ್ಸಮ್ಮ ಫೋನ್ ಮಾಡಿದರು. ದೊಡ್ಡವರು ಅವರ ಉಗುರನ್ನು ಬೆಳಕಿಗೆ ಹಿಡಿದು ನೋಡಿ, "ಉಳಿದವರೂ ಹೀಗೆ ಇಟ್ಕೊಳ್ಳಿ," ಅಂದರಂತೆ. ಅದರ ಹಿಂದೆಯೇ ಸಿಸ್ಟರುಗಳ ದಂಡು ಪಾರ್ಲರಿಗೆ ಬಂತು. ಅತ್ತೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಆ ಕುರ್ಚಿಯನ್ನು ಮೇಜಿನ ಹಿಂದಿನಿಂದ ಎಳೆದು ಮುಂದಕ್ಕೆ ತಳ್ಳಿದರು. ನನ್ನ ಕಣ್ಣು ತುಂಬಿ ಬಂತು. ಬಟ್ಟೆ ಸರಿಮಾಡಿಕೊಂಡು ಕೂರಲು ಬಗ್ಗಿದೆ.

"ಏಯ್, ನೀನಲ್ಲ! ಅವರು ಕೂರ್ಲಿ. ಕಾಲಿಗೆ ಹಚ್ಚೋಳಿಗೆ ಕುರ್ಚಿ ಯಾಕೆ?"

ಹೀಗೆ ಹೇಳಿ ಅತ್ತೆ ಒಳಗಿನಿಂದ ಒಂದು ಮಣೆ ತಂದು ಗಿರಾಕಿಯ ಪಾದದ ಬಳಿ ಹಾಕಿದರು. ಪ್ರತಿಭೆಗೆ ಮಣೆ ಹಾಕುವುದು ಎಂದು ಪುಸ್ತಕದಲ್ಲಿ ಓದಿದ್ದೆ. ಅಕ್ಷರಶಃ ಹಾಕುತ್ತಾರೆ ಎಂದು ಗೊತ್ತಿರಲಿಲ್ಲ.

ಬೆನ್ನು ಹಿಡಿದುಕೊಂಡು ಮನೆಗೆ ಬಂದ ನನ್ನನ್ನು ನೋಡಿ ಅಪ್ಪ ಗುಲಾಬಿ ಚಮಚ ಆಡಿಸುತ್ತ, "ಟ್ಯುಟೋರಿಯಲ್ಲಲ್ಲಿ ಬೆಂಚಾದ್ರೂ ಇರ್ತಿತ್ತಲ್ಲೇ," ಅಂದರು.

ನಾಳೆ ರಕ್ತದ ಬ್ಯಾಂಕಿನವರು ಬರುತ್ತಾರೆ. ನಾನು ಬೇಗ ಹೋಗಿ, ಮಣೆ ಒರೆಸಿ, ಅದರ ಮೇಲೆ ಒಂದು ಟವೆಲು ಮಡಿಸಿ ಹಾಕಿಕೊಂಡು ಕೂರುತ್ತೇನೆ.